ಅಡುಗೆ ಒಂದೇ, ತಟ್ಟೆ ಬೇರೆ: ಡಯಟ್ ಚಾರ್ಟ್ ಐದು ಜನರ ಮನೆಗೆ ಬಂದಾಗ

ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ತುಮಕೂರು ಕಡೆಯವನು, ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದೆ, ಸಾಫ್ಟ್‌ವೇರ್ ಕೆಲಸ. ತೂಕ ಇಳಿಸೋದು ಹೇಗೆ ಅಂತ ಹೇಳೋಕೆ ಸಾವಿರ ಜನ ಇದ್ದಾರೆ. ಒಬ್ಬರಿಗೆ ಅಂತ ಬರೆದ ಡಯಟ್ ಚಾರ್ಟನ್ನು ಐದು ಜನರ ಮನೆಯಲ್ಲಿ ನಡೆಸೋದು ಹೇಗೆ ಅನ್ನೋದು ಇವತ್ತಿನ ವಿಷಯ.

ಮೊದಲು ನನ್ನ ನಂಬರ್‌ಗಳು. ಎತ್ತರ 170 ಸೆಂ.ಮೀ., ತೂಕ 84 ಕೆ.ಜಿ., ಸೊಂಟ 98 ಸೆಂ.ಮೀ. ಬಿಎಂಐ 29. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4 ಅಂದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ದೊಡ್ಡಪ್ಪ ಅದೇ ಕಾಯಿಲೆಯಲ್ಲಿ ಕಿಡ್ನಿ ಹೋಗಿ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಿದ್ದರು. ಆ ಆಸ್ಪತ್ರೆ ಬೆಂಚಿನ ಮೇಲೆ ನಾನೂ ಕೂತಿದ್ದೀನಿ. ಹಾಗಾಗಿ ಇದು ಶರ್ಟ್ ಸೈಜಿನ ಪ್ರಶ್ನೆ ಆಗಿರಲಿಲ್ಲ.

ಡಯಟೀಷಿಯನ್ ಒಳ್ಳೆ ಚಾರ್ಟನ್ನೇ ಕೊಟ್ಟರು. ಬೆಳಗ್ಗೆ ಓಟ್ಸ್, ಹನ್ನೊಂದಕ್ಕೆ ಬಾದಾಮಿ, ಮಧ್ಯಾಹ್ನ ಸಲಾಡ್ ಮತ್ತು ಪನೀರ್, ಸಂಜೆ ಏಳಕ್ಕೆ ಸೂಪ್. ಚಾರ್ಟಿನಲ್ಲಿ ತಪ್ಪಿಲ್ಲ. ಆದರೆ ಅದು ಒಂಟಿ ಮನುಷ್ಯನಿಗೆ ಬರೆದದ್ದು. ನಮ್ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು, ಆರು ವರ್ಷದ ಮಗಳು. ಅಮ್ಮ ಚಾರ್ಟ್ ನೋಡಿ ಅಂದಿದ್ದು ಇಷ್ಟೇ: "ಒಂದೇ ಮನೇಲಿ ಎರಡು ಒಲೆ ಹಚ್ಚಬೇಕೇನಪ್ಪಾ?" ನಮ್ಮ ಕಡೆ ಒಲೆ ಬೇರೆ ಆಯ್ತು ಅಂದ್ರೆ ಮನೆ ಭಾಗ ಆಯ್ತು ಅಂತ ಅರ್ಥ.

ಆ ಮಾತಿನಲ್ಲಿ ಇನ್ನೊಂದು ಲೆಕ್ಕಾನೂ ಇದೆ. ನನಗೆ ಅಂತ ಬೇರೆ ಅಡುಗೆ ಆದರೆ ಅದನ್ನ ಮಾಡೋರು ಯಾರು? ಹೆಂಡತಿಗೂ ಆಫೀಸ್ ಇದೆ, ಅಮ್ಮನಿಗೆ ಮಂಡಿ ನೋವು. ಗಂಡಸರ ಎಷ್ಟೋ ಡಯಟ್‌ಗಳು ಮನೆಯ ಹೆಂಗಸರಿಗೆ ಎರಡನೇ ಶಿಫ್ಟ್ ಆಗಿಬಿಡುತ್ತವೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡ್ವಿ: ಅಡುಗೆ ಒಂದೇ, ತಟ್ಟೆ ಬೇರೆ. ಪಾತ್ರೆಯಲ್ಲಿ ಏನಿದೆಯೋ ಎಲ್ಲರಿಗೂ ಅದೇ. ಯಾರ ತಟ್ಟೆಗೆ ಎಷ್ಟು ಅನ್ನೋದಷ್ಟೇ ಬದಲಾಗುತ್ತೆ. ತರಕಾರಿ ಹೆಚ್ಚೋದು, ಕಾಳು ನೆನೆಹಾಕೋದು ನನ್ನ ಪಾಲಿನ ಕೆಲಸ.

ಇನ್ನು, ಎಲ್ಲಿಂದ ಶುರು ಮಾಡೋದು? ತಿಂದ ಪ್ರತಿ ತುತ್ತನ್ನೂ ಆ್ಯಪ್‌ಗೆ ಹಾಕೋದು ಕೂಡು ಮನೆಯಲ್ಲಿ ನಡೆಯಲ್ಲ. ಸಾರಿನ ಸೌಟಿಗೆ ಎಷ್ಟು ಕ್ಯಾಲೊರಿ ಅಂತ ಯಾರು ಅಳೀತಾರೆ? ಸರ್ವರ್ ಕೈಕೊಟ್ಟಾಗ ನಾವು ಲಾಗ್ ನೋಡ್ತೀವಲ್ಲ, ಮನೆಯ ಲಾಗ್ ಅಂದ್ರೆ ದಿನಸಿ ಬಿಲ್ಲು. ನಾನು ಮೂರು ತಿಂಗಳ ಬಿಲ್ಲು ಕೂಡಿಸಿದೆ.

ಎಣ್ಣೆ ತಿಂಗಳಿಗೆ 5 ಲೀಟರ್. ಒಂದು ಲೀಟರ್ ಸುಮಾರು 910 ಗ್ರಾಂ. ಐದು ಜನ, 30 ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ 30 ಗ್ರಾಂ. ತುಪ್ಪ, ಹೊರಗಡೆ ತಿಂಡಿ ಇದರಲ್ಲಿ ಸೇರಿಲ್ಲ. ನಮ್ಮ ಹೈದರಾಬಾದಿನ ತಾರ್ನಾಕದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್ ಇದೆ. ಅವರ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ ಎಣ್ಣೆ-ಕೊಬ್ಬು 27 ಗ್ರಾಂ, ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ. ಬೇಳೆಕಾಳು, ಮೊಟ್ಟೆ ಅಥವಾ ಮಾಂಸ ಸೇರಿ 85 ಗ್ರಾಂ. ನಮ್ಮ ಬೇಳೆ ತಿಂಗಳಿಗೆ 4 ಕೆ.ಜಿ., ಅಂದ್ರೆ ತಲೆಗೆ ದಿನಕ್ಕೆ 27 ಗ್ರಾಂ! ಅಕ್ಕಿ ಮೂಟೆ ಮಾತ್ರ ತಿಂಗಳಿಗೊಂದು ಖಾಲಿ.

ಹಾಗಾಗಿ ಮೊದಲನೇ ಬದಲಾವಣೆ ಆಗಿದ್ದು ಅಂಗಡಿ ಚೀಟಿಯಲ್ಲಿ. ಎಣ್ಣೆ 5ರಿಂದ 3 ಲೀಟರ್‌ಗೆ ಇಳೀತು. ಇದೊಂದರಿಂದಲೇ ತಲೆಗೆ ದಿನಕ್ಕೆ ಸುಮಾರು 110 ಕ್ಯಾಲೊರಿ ಕಮ್ಮಿ. ಒಗ್ಗರಣೆ ಬಿಡಲಿಲ್ಲ, ಒಗ್ಗರಣೆಗೆ ಒಂದು ಚಮಚ ಇಟ್ಟುಕೊಂಡ್ವಿ. ಪೂರಿ, ಬೋಂಡ ತಿಂಗಳಿಗೆ ಎರಡು ಸಲ. ತುಪ್ಪ ಪಾತ್ರೆಗೆ ಹಾಕೋ ಬದಲು ತಟ್ಟೆಗೆ ಬಂತು: ಮಗಳಿಗೆ ಬಡಿಸ್ತೀವಿ, ನಾನು ಹಾಕಿಸಿಕೊಳ್ಳಲ್ಲ.

ಎರಡನೇದು ಕಾಳು. ಹುರುಳಿ, ಅಲಸಂದೆ, ಹೆಸರುಕಾಳು ಸೇರಿ 7 ಕೆ.ಜಿ. ಆಯ್ತು, ಜೊತೆಗೆ ಮೊಟ್ಟೆ. 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನ್ ಬೇಕು ಅಂತ ಎನ್‌ಐಎನ್ ಹೇಳುತ್ತೆ. 30 ಗ್ರಾಂ ತೊಗರಿಬೇಳೆಯಲ್ಲಿ ಬರೋದು ಆರೇಳು ಗ್ರಾಂ ಮಾತ್ರ. ಇಲ್ಲಿ ನಮಗೆ ಹೊಸ ರೆಸಿಪಿ ಬೇಕಾಗಲಿಲ್ಲ. ಬಸ್ಸಾರು ಇದೆಯಲ್ಲ! ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಬಸಿದದ್ದರಲ್ಲಿ ಪಲ್ಯ. ನನ್ನ ತಟ್ಟೆಯಲ್ಲಿ ಅರ್ಧ ಪಲ್ಯ, ಒಂದು ಮುದ್ದೆ. ಅಪ್ಪನಿಗೆ ಮುದ್ದೆ ಜೊತೆ ಅನ್ನವೂ ಇರುತ್ತೆ.

ಮುದ್ದೆ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತಾರೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ತೂಕ ಇಳಿಸಿದ್ದು ರಾಗಿ ಅಲ್ಲ, ಎರಡು ಮುದ್ದೆ ಒಂದಾಗಿದ್ದು.

ಮೂರನೇದು ಹೊತ್ತು. ಅಮೆರಿಕದವರ ಕಾಲ್ ಮುಗಿಸಿ ಹತ್ತೂವರೆಗೆ ಊಟಕ್ಕೆ ಕೂತರೆ ಹಸಿವೇ ಬಡಿಸುತ್ತೆ, ನಾವಲ್ಲ. ಈಗ ಏಳೂವರೆಗೆ ಮಗಳ ಜೊತೆ ಊಟ, ಆಮೇಲೆ ಲ್ಯಾಪ್‌ಟಾಪ್. ಇದರಿಂದ ಸಿಕ್ಕ ಲಾಭ ತೂಕದಲ್ಲಿ ಮಾತ್ರ ಅಲ್ಲ. ಅವಳ ಸ್ಕೂಲಿನ ಕಥೆಗಳು ನನಗೆ ಈಗ ಗೊತ್ತು.

ಎರಡು ಎಚ್ಚರಿಕೆ. ಮನೆಯಲ್ಲಿ ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಇದ್ದರೆ ಅವರ ಅನ್ನ ದಿಢೀರ್ ಕಮ್ಮಿ ಮಾಡಬೇಡಿ. ಊಟ ಕಮ್ಮಿ ಆಗಿ ಮಾತ್ರೆ ಅಷ್ಟೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಮ್ಮನ ಡಾಕ್ಟರ್ ಹತ್ತಿರ ಮಾತಾಡಿದ ಮೇಲೇ ನಾವು ಅವರ ತಟ್ಟೆ ಮುಟ್ಟಿದ್ದು. ಎರಡನೇದು, ಬೆಳೆಯೋ ಮಕ್ಕಳಿಗೆ ನಮ್ಮ ಡಯಟ್ ಬೇಡ. ಅವರ ಮುಂದೆ "ದಪ್ಪ", "ತೂಕ" ಅನ್ನೋ ಮಾತೂ ಬೇಡ.

ಹಬ್ಬ, ನೆಂಟರು, ಬಿರಿಯಾನಿ? ನೂರಕ್ಕೆ ನೂರು ಅಪ್‌ಟೈಮ್ ನಮ್ಮ ಸರ್ವರ್‌ಗಳಿಗೇ ಇಲ್ಲ. ವಾರಕ್ಕೆ 21 ಊಟ-ತಿಂಡಿ. ಹದಿನೇಳು ಲೆಕ್ಕದಲ್ಲಿದ್ದರೆ ಸಾಕು ಅಂತ ಇಟ್ಟುಕೊಂಡೆ. ಯುಗಾದಿ ಹೋಳಿಗೆ ಉಳಿದ ನಾಲ್ಕರಲ್ಲಿ ಬರುತ್ತೆ, ಅದನ್ನ ಸಂಕೋಚ ಇಲ್ಲದೆ ತಿನ್ನಿ. ಹೋಳಿಗೆ ಬೇಡ ಅಂದು ಅತ್ತೆ ಮನೆಯಲ್ಲಿ ಎಲ್ಲರ ಮುಖ ಸಪ್ಪಗೆ ಮಾಡೋ ಡಯಟ್ ಬಹಳ ದಿನ ಬಾಳಲ್ಲ.

ಹನ್ನೊಂದು ತಿಂಗಳಾಯ್ತು. ತೂಕ 76, ಸೊಂಟ 91, ಎಚ್‌ಬಿಎ1ಸಿ 5.8. ಬಿಎಂಐ ಇನ್ನೂ 26, ಕೆಲಸ ಮುಗಿದಿಲ್ಲ. ಮೂರು ತಿಂಗಳಲ್ಲಿ ಹದಿನೈದು ಕೆ.ಜಿ. ಅನ್ನೋ ವಿಡಿಯೋಗಳ ಮುಂದೆ ಇದು ಸಣ್ಣದು. ಆದರೆ ಮನೆಯಲ್ಲಿ ಒಲೆ ಒಂದೇ ಉಳಿದಿದೆ, ಮುಂದಿನ ವರ್ಷವೂ ಹೀಗೇ ಉಣ್ಣಬಹುದು.

ನಿಮಗೆ ಒಂದೇ ಮನೆಗೆಲಸ. ಈ ಭಾನುವಾರ ದಿನಸಿ ಬಿಲ್ಲು ತೆಗೆದು ಎಣ್ಣೆ, ಬೇಳೆ ಎರಡನ್ನೂ ಮನೆಯವರ ಸಂಖ್ಯೆಗೆ ಭಾಗಿಸಿ. ಏನು ಬಂತು ಅಂತ ಮನೆಯವರ ಜೊತೆ ಕೂತು ನೋಡಿ. ಅಲ್ಲಿಂದ ಮುಂದಿನ ದಾರಿ ನಿಮಗೇ ಕಾಣುತ್ತೆ.