ಕಾರು ಮನೇಲಿ, ನಾವು ಊಟಿ ಬಸ್ಸಲ್ಲಿ

ಈ ವಾರ ಅತಿಥಿಗಳು ಯಾರೂ ಇಲ್ಲ, ನಾನೊಬ್ಬಳೇ ಮಾತಾಡ್ತೀನಿ. ಕಳೆದ ಶನಿವಾರ, ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಮೈಸೂರಿನಿಂದ ಊಟಿಗೆ ಹೋಗಿ ಬಂದೆ. ಅದ್ರಲ್ಲೇನು ವಿಶೇಷ, ಮೈಸೂರಿನವರಿಗೆ ಊಟಿ ಅಂದ್ರೆ ಪಕ್ಕದ ಬೀದಿ ಇದ್ದಂಗೆ ಅಂತೀರಾ? ವಿಶೇಷ ಇಷ್ಟೇ: ಮನೇಲಿ ಕಾರಿತ್ತು, ಆದ್ರೂ ನಾವು ಬಸ್ಸಲ್ಲಿ ಹೋದ್ವಿ.

ಮೊದಲು ಅಪ್ಪನ ವಿಷಯ ಹೇಳ್ಬೇಕು. ಇಪ್ಪತ್ತು ವರ್ಷ ನಮ್ಮನ್ನೆಲ್ಲ ಅವರೇ ಕಾರಲ್ಲಿ ಸುತ್ತಿಸಿದ್ದಾರೆ. ಎರಡು ವರ್ಷದಿಂದ ಎಡಗಾಲಿನ ಮಂಡಿ ನೋವು. ಕ್ಲಚ್ ಒತ್ತಿ ಒತ್ತಿ ಘಾಟಿ ಹತ್ತೋಕೆ ಆಗಲ್ಲ. ನಾನು ಊರೊಳಗೆ ಓಡಿಸ್ತೀನಿ, ಘಾಟಿಯಲ್ಲಿ ಧೈರ್ಯ ಇಲ್ಲ. ಡ್ರೈವರ್ ಇಡೋಣ ಅಂದ್ರೆ ಅಪ್ಪನಿಗೆ ಇಷ್ಟ ಇಲ್ಲ. ಹೀಗಾಗಿ ಅವರು ಊರು ಬಿಟ್ಟು ಹೊರಗೆ ಹೋಗೋದನ್ನೇ ನಿಲ್ಲಿಸಿಬಿಟ್ಟರು. ಭಾನುವಾರ ಬೆಳಿಗ್ಗೆ ಕವರ್ ತೆಗೆದು, ಬ್ಯಾಟರಿ ಕೂತುಬಿಡುತ್ತೆ ಅಂತ ಹತ್ತು ನಿಮಿಷ ಇಂಜಿನ್ ಆನ್ ಮಾಡಿ, ಸುಮ್ಮನೆ ಸೀಟಲ್ಲಿ ಕೂತಿರ್ತಾರೆ. ಅದನ್ನ ನೋಡೋದು ನನಗೆ ಕಷ್ಟ ಆಗ್ತಿತ್ತು.

ಬಸ್ಸಲ್ಲಿ ಹೋಗೋಣ ಅಂದಾಗ ಅವರ ಮೊದಲ ಮಾತು, 'ಕಾರು ಮನೇಲಿಟ್ಕೊಂಡು ಯಾರಾದ್ರೂ ಬಸ್ಸಲ್ಲಿ ಊಟಿಗೆ ಹೋಗ್ತಾರೇನಮ್ಮ?'

ಆಗ ನಾನು ಇ-ಪಾಸ್ ಲೆಕ್ಕ ತೆಗೆದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಅಂತ ಮಿತಿಯನ್ನೂ ಹಾಕಿದ್ರು. ಸರ್ಕಾರಿ ಬಸ್ಸಲ್ಲಿ ಹೋಗೋರಿಗೆ ಈ ಪಾಸ್ ಬೇಕಿಲ್ಲ.

ನಾನು ಬಿ.ಕಾಂ. ಓದಿದವಳು, ಲೆಕ್ಕ ಬಿಡೋಕಾಗಲ್ಲ. 8,000 ಕಾರಲ್ಲಿ ತಲಾ ನಾಲ್ಕು ಜನ ಅಂದ್ರೆ 32,000 ಜನ. ಅಷ್ಟೇ ಜನ 40 ಸೀಟಿನ ಬಸ್ಸಲ್ಲಿ ಬಂದ್ರೆ 800 ಬಸ್ ಸಾಕು. ಬೆಟ್ಟದ ರಸ್ತೆ ಅಗಲ ಮಾಡೋಕಾಗಲ್ಲ. ಅಲ್ಲಿ ಜಾಮ್ ಆಗೋದು ಜನರಿಂದಲ್ಲ, ಕಾರಿಂದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ಕಿಟಕಿ ಸೀಟು ಸಿಗುತ್ತಾ ನೋಡು' ಅಂದ್ರು.

ಶನಿವಾರ ಬೆಳಿಗ್ಗೆ ಹೊರಟ್ವಿ. ನಂಜನಗೂಡು, ಗುಂಡ್ಲುಪೇಟೆ, ಆಮೇಲೆ ಬಂಡೀಪುರ. ಗೊತ್ತಿಲ್ಲದವರಿಗೆ ಹೇಳ್ತೀನಿ, ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಅವಕಾಶ. ಹಾಗಾಗಿ ಹಗಲು ಬಸ್ಸೇ ಒಳ್ಳೇದು, ಕಾಡೂ ನೋಡಿದಂಗಾಗುತ್ತೆ. ರಸ್ತೆ ಪಕ್ಕದಲ್ಲೇ ಜಿಂಕೆ ಹಿಂಡು ಮೇಯ್ತಿತ್ತು. ಅಮ್ಮ ತೋರಿಸಿದ್ರು. ಅಪ್ಪ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: 'ಈ ರಸ್ತೇಲಿ ಎಷ್ಟು ಸಲ ಬಂದಿದ್ದೀನೋ ಲೆಕ್ಕ ಇಲ್ಲ. ನಾನು ನೋಡಿದ್ದು ಬರೀ ಹಂಪು, ಮುಂದಿನ ಗಾಡಿ ಲೈಟು.'

ತೆಪ್ಪಕಾಡು ದಾಟಿ ಗೂಡಲೂರು. ಮಸಿನಗುಡಿ ಕಡೆಯಿಂದ ಹೋದ್ರೆ ದೂರ ಕಮ್ಮಿ, ಆದ್ರೆ ಅದು 36 ಹೇರ್‌ಪಿನ್ ತಿರುವಿನ ಕಡಿದಾದ ಕಲ್ಲಟ್ಟಿ ಘಾಟಿ. ನಮ್ಮ ಬಸ್ಸು ಗೂಡಲೂರು ಮೇಲೆ ನಿಧಾನಕ್ಕೆ ಹತ್ತಿತು. ನಡುವಟ್ಟಂ ಬಂದಾಗ ಚಳಿ ಶುರು. ಪೈಕಾರ ಹತ್ರ ನೀರು, ಹುಲ್ಲುಗಾವಲು ಕಾಣಿಸ್ತಿದ್ದಂಗೆ ಅಪ್ಪ ಕಿಟಕಿ ಗಾಜು ಸರಿಸಿದ್ರು. ಹಿಂದಿನ ಸೀಟಿನವರು ಬೈದ್ರು, ಮತ್ತೆ ಮುಚ್ಚಿದ್ರು. ಒಟ್ಟು ಸುಮಾರು ಐದು ಗಂಟೆ ಹಿಡೀತು.

ಊಟಿ ಕೆರೆ ಬಗ್ಗೆ ಒಂದು ಮಾತು. ಅದು ತಾನಾಗೇ ಆದ ಸರೋವರ ಅಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ ಹಳ್ಳಗಳಿಗೆ ಅಡ್ಡ ಕಟ್ಟಿಸಿ ಮಾಡಿಸಿದ್ದು. ಆಗ ಕೆರೆ ಇನ್ನೂ ದೊಡ್ಡದಿತ್ತು. ಈಗಿನ ಬಸ್ ನಿಲ್ದಾಣ, ರೇಸ್ ಕೋರ್ಸ್ ಇರೋ ಜಾಗ ಹಿಂದೆ ಕೆರೆಯ ಭಾಗ. ಅಂದ್ರೆ ಬಸ್ ಇಳಿದ ತಕ್ಷಣ ನಾವು ಹಳೇ ಕೆರೆ ಮೇಲೇ ನಿಂತಿದ್ವಿ! ಊರು ಬೆಳೀತಾ ನೀರಿನ ಜಾಗ ತಿಂದುಬಿಟ್ಟಿದೆ. ಮಿತಿ ಯಾಕೆ ಬೇಕು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ ಅನ್ನಿಸ್ತು.

ಭಾನುವಾರ ಬೆಳಿಗ್ಗೆ ಊಟಿಯಿಂದ ಕೂನೂರಿಗೆ ಪುಟಾಣಿ ರೈಲು. ಈ ರೈಲು ಊಟಿ ತಲುಪಿದ್ದು 1908ರಲ್ಲಿ, ಯುನೆಸ್ಕೋ ಪಟ್ಟಿ ಸೇರಿದ್ದು 2005ರಲ್ಲಿ. ಲವ್‌ಡೇಲ್, ಕೇತಿ, ಅರುವಂಕಾಡು, ವೆಲ್ಲಿಂಗ್ಟನ್, ಒಂದೊಂದೂ ನಿಂತು ನೋಡೋ ಹಂಗಿರೋ ಸ್ಟೇಷನ್. ಕೇತಿ ಕಣಿವೆಯಲ್ಲಿ ಬಡಗರ ಹಳ್ಳಿಗಳು. ಎದುರು ಕೂತ ಅಜ್ಜಿ ಬಡಗ ಭಾಷೆ ಮಾತಾಡ್ತಿದ್ರು, ಅಮ್ಮ ಮೈಸೂರು ಕನ್ನಡ. ಅರ್ಧ ಅರ್ಥ ಆಯ್ತು, ಅರ್ಧಕ್ಕೆ ನಗು. ಕಾರಲ್ಲಿ ಹೋಗಿದ್ರೆ ಆ ಅಜ್ಜಿ ನಮಗೆ ಸಿಕ್ತಿರಲಿಲ್ಲ.

ಎಲ್ಲಾ ಚೆನ್ನಾಗಿತ್ತು ಅಂದ್ರೆ ಸುಳ್ಳು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಮಂಡಿ ನೋವಿರೋರನ್ನ ಕೇಳಿ. ಪ್ರತಿ ಸಲ ಅಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು ಹತ್ತಿದ್ರು, ನನ್ನ ಕೈ ಹಿಡೀಲಿಲ್ಲ. ದಾರಿಯಲ್ಲಿ ಶೌಚಾಲಯ ಸಿಗೋದು ಬಸ್ ನಿಂತ ಕಡೆ ಮಾತ್ರ. ಅದಕ್ಕೇ ಅಮ್ಮ ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಇದು ತಮಾಷೆ ವಿಷಯ ಅಲ್ಲ. ದೊಡ್ಡಬೆಟ್ಟ, 2,637 ಮೀಟರ್, ಈ ಸಲ ಬಿಟ್ವಿ. ಜಂಕ್ಷನ್‌ನಲ್ಲಿ ಇಳಿದು ಸುಮಾರು 3 ಕಿ.ಮೀ. ಏರಬೇಕು, ಆಗ್ತಿರಲಿಲ್ಲ. ಕಾರು ಬಿಟ್ಟು ಬನ್ನಿ ಅಂತ ಹೇಳೋರು ಮೆಟ್ಟಿಲು, ಶೌಚಾಲಯ, ಮೇಲಿನವರೆಗೆ ಒಂದು ಸಣ್ಣ ಬಸ್ಸು, ಇಷ್ಟು ಮೊದಲು ಕೊಡ್ಬೇಕು. ಇಲ್ಲಾಂದ್ರೆ ಬೆಟ್ಟ ಕಾಲು ಗಟ್ಟಿ ಇರೋರಿಗೆ ಮಾತ್ರ ಆಗ್ಬಿಡುತ್ತೆ.

ದುಡ್ಡಿನ ಮಾತು. ಹೋಗಿ ಬರೋಕೆ 320 ಕಿ.ಮೀ. ಹತ್ರ, ಲೀಟರ್‌ಗೆ 15 ಕಿ.ಮೀ. ಹಿಡಿದ್ರೆ 21 ಲೀಟರ್ ಪೆಟ್ರೋಲ್. ಮೂವರ ಟಿಕೆಟ್ ಅದಕ್ಕಿಂತ ತುಂಬಾ ಕಮ್ಮಿ ಏನೂ ಆಗಲಿಲ್ಲ. ಶಕ್ತಿ ಯೋಜನೆ ರಾಜ್ಯದ ಒಳಗೆ ಮಾತ್ರ, ಅಂತರರಾಜ್ಯ ಬಸ್ಸಲ್ಲಿ ನಾನೂ ಅಮ್ಮನೂ ಟಿಕೆಟ್ ತಗೋಬೇಕು. ಉಳಿದದ್ದು ಪಾರ್ಕಿಂಗ್ ಹುಡುಕೋ ತಲೆನೋವು. ಇನ್ನೊಂದು, ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧ. ಮನೆಯಿಂದ ಸ್ಟೀಲ್ ಬಾಟಲಿ ತಗೊಂಡು ಹೋಗಿ.

ವಾಪಸ್ ಬರುವಾಗ ಕತ್ತಲಾಗಿತ್ತು. ಮೈಸೂರಲ್ಲಿ ಇಳಿಯುವಾಗ ಕೊನೇ ಮೆಟ್ಟಿಲಲ್ಲಿ ಅಪ್ಪ ಒಂದು ಕ್ಷಣ ನಿಂತು ಕೈ ಚಾಚಿದ್ರು. ನಾನು ಹಿಡ್ಕೊಂಡೆ. ಇಬ್ಬರೂ ಏನೂ ಮಾತಾಡಲಿಲ್ಲ.

ಕಾರು ಮಾರ್ತಾರೆ ಅಂತೆಲ್ಲ ಅಂದ್ಕೋಬೇಡಿ. ಇವತ್ತು ಬೆಳಿಗ್ಗೆ ಕೂಡ ಇಂಜಿನ್ ಆನ್ ಮಾಡಿದ್ರು. ಆದ್ರೆ ಒಳಗೆ ಬಂದು ಕೇಳಿದ್ದು, 'ಮಡಿಕೇರಿ ಬಸ್ಸು ಎಷ್ಟು ಹೊತ್ತಿಗಿದೆ ನೋಡಮ್ಮ' ಅಂತ.

ನಿಮ್ಮ ಮನೇಲೂ ಹೀಗೆ ಮನೆಯೊಳಗೇ ಕೂತುಬಿಟ್ಟೋರು ಇದ್ರೆ, ಒಂದು ಕಿಟಕಿ ಸೀಟು ಬುಕ್ ಮಾಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.