ಹಸೆಗೋಡೆಯ ಗೆರೆಗಳು



ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ. ಅದೇ ಮಾತು ನಾಮಪದವಾಗಿ ನಿಂತಾಗ 'ಬರೆ' ಎಂದರೆ ಗೆರೆಯೆಂದೂ ಅರ್ಥವುಂಟು. ಓದುಬರಹ ಬಾರದವಳೆಂದು ಜನರು ಕರೆದ ಮಲೆನಾಡಿನ ಹೆಣ್ಣುಮಗಳು ಈ ಲೆಕ್ಕದಲ್ಲಿ ಬರೆಯಬಲ್ಲವಳೇ ಆಗಿದ್ದಳು. ಶಿವಮೊಗ್ಗೆ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆಗಳಲ್ಲಿಯೂ ಉತ್ತರ ಕನ್ನಡದ ಸಿದ್ದಾಪುರದ ಕಡೆಯಲ್ಲಿಯೂ ನೆಲೆಸಿರುವ ದೀವರ ಮನೆಗಳಲ್ಲಿ ಆಕೆಯ ಆ ಬರವಣಿಗೆಗೆ ಹಸೆ ಚಿತ್ತಾರವೆಂದು ಹೆಸರು.

ಮದುವೆ ಗೊತ್ತಾದ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿಯುವರು. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು. ಸುಟ್ಟು ಕರಿದಾಗಿಸಿದ ಅಕ್ಕಿಯಿಂದ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಹಳದಿ. ಕುಂಚವಾದರೋ ಪುಂಡಿಯ ನಾರು. ಅಂಗಡಿಯಿಂದ ತರತಕ್ಕ ಪದಾರ್ಥ ಇವುಗಳಲ್ಲಿ ಒಂದೂ ಇಲ್ಲ. ಚಿತ್ತಾರ ಮುಗಿದ ಮೇಲೆ ಆ ಗೋಡೆಯ ಮುಂದೆ ಹಸೆ ಹಾಸಿ ವಧೂವರರನ್ನು ಕುಳ್ಳಿರಿಸುವರು.

ಈ ಚಿತ್ತಾರದ ಪ್ರಾಣವಿರುವುದು ಗೆರೆಯಲ್ಲಿ. ಗೆರೆಗೆ ಅಲ್ಲಿ 'ಎಳೆ' ಎನ್ನುವರು, ನೂಲಿನ ಎಳೆಯೆನ್ನುವಂತೆಯೇ. ಒಂದೆಳೆಯ ಮಗ್ಗುಲಲ್ಲಿ ಮತ್ತೊಂದೆಳೆಯು ಸಮನಾದ ಅಂತರವನ್ನಿಟ್ಟುಕೊಂಡು ಸಾಗುವುದು. ಓರೆಯ ಎಳೆಗಳು ಒಂದನ್ನೊಂದು ಹಾಯ್ದಾಗ ಮುಕ್ಕೋಣಗಳೂ ಚೌಕಗಳೂ ಹುಟ್ಟುವುವು. ಅವುಗಳ ನಡುವೆ ದಂಡಿಗೆಯೂ ಹಕ್ಕಿಯೂ ಬಳ್ಳಿಯೂ ಮೈದಳೆಯುವುವು. ನೆರಳುಬೆಳಕುಗಳಿಂದ ಮೈಯನ್ನು ಉಬ್ಬಿಸಿ ತೋರಿಸುವ ಹಂಗು ಇಲ್ಲಿಲ್ಲ. ನಾಲ್ಕಾರು ಗೆರೆಗಳಿಂದಲೇ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವ ಈ ಧೈರ್ಯವು ಹೆಸರಾಂತ ಚಿತ್ರಕಾರರಲ್ಲಿಯೂ ಅಪರೂಪವೆಂದರೆ ಅತಿಶಯವಾಗದು. ನಾರಿನ ಕುಂಚವು ಹಿಡಿಯುವ ಬಣ್ಣ ಸ್ವಲ್ಪವೇ ಆದುದರಿಂದ ಅದ್ದಿ ಅದ್ದಿ ಎಳೆಯಬೇಕು. ಎಳೆದುದನ್ನು ಅಳಿಸುವುದು ಸುಲಭವಲ್ಲ. ಕೈಗೆ ಸಾವಧಾನ ಬರುವುದು ಆ ನಿರ್ಬಂಧದಿಂದಲೇ.

ಗೋಡೆಯಷ್ಟು ದೊಡ್ಡ ಚಿತ್ತಾರವು ಒಬ್ಬಳ ಕೈಯಿಂದ ಸುಲಭವಾಗಿ ಮುಗಿಯತಕ್ಕದ್ದಲ್ಲ. ನೆರೆಯ ಹೆಂಗಸರು ಕೂಡುವರು, ಹಾಡುಗಳು ಕೂಡುವುವು. ಹಿರಿಯಳು ಹಾಕಿದ ಚೌಕಟ್ಟಿನೊಳಗೆ ಕಿರಿಯಳ ಎಳೆ ಕೊಂಚ ಸೊಟ್ಟಗೆ ಹೋದರೆ ಅದರ ಮಗ್ಗುಲಿನದು ಅದಕ್ಕೆ ಹೊಂದಿಕೊಂಡು ನಡೆಯಬೇಕು. ಪಾಠಶಾಲೆಯಿಲ್ಲದೆ ಮಗಳು ಕಲಿತುದು ಹೀಗೆ. ಗೋಡೆಯ ಮೂಲೆಯಲ್ಲಿ ಹೆಸರು ಹಾಕುವ ವಾಡಿಕೆಯಂತೂ ಇರಲಿಲ್ಲ.

ಗೋಡೆಯ ಎಳೆಗಳೇ ಆಶ್ವಯುಜದ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಇಳಿಯುವುವು. ಭೂಮಣ್ಣಿ ಬುಟ್ಟಿಗೂ ಕೆಮ್ಮಣ್ಣಿನ ಲೇಪ, ಅದರ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ. ಬಗೆಬಗೆಯ ಸೊಪ್ಪುತರಕಾರಿಗಳ ಅಡಿಗೆಯನ್ನು ಅದರಲ್ಲಿ ತುಂಬಿ, ತೆನೆ ಹೊತ್ತ ಪೈರನ್ನು ಬಸುರಿಯೆಂದು ಭಾವಿಸಿ, ಗದ್ದೆಗೆ ಒಯ್ದು ಉಣಬಡಿಸುವರು. ಹೀಗೆ ಬಯಕೆಯೂಟ ಉಂಡ ಗದ್ದೆಗಳಲ್ಲಿ ಎಷ್ಟೋ ಗದ್ದೆಗಳು ಉಳುವವರ ಸ್ವಂತದ್ದಾಗಿರಲಿಲ್ಲ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿವಾದವೇ 1951ರಲ್ಲಿ ಕಾಗೋಡಿನ ರೈತರ ಸತ್ಯಾಗ್ರಹಕ್ಕೆ ಕಾರಣಗಳಲ್ಲೊಂದಾಯಿತು. ತನ್ನದಲ್ಲದ ನೆಲಕ್ಕೂ ಆ ಹೆಂಗಸು ಬುಟ್ಟಿ ಚಿತ್ತರಿಸಿದ್ದಳೆಂಬುದನ್ನು ಮರೆಯಲಾಗದು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಕಣಿವೆಯ ಊರುಗಳನ್ನು ನುಂಗಿದಾಗ, ನಾಡಿಗೆ ದೀಪ ಹತ್ತಿತು, ಅಲ್ಲಿಯ ಮಣ್ಣಿನ ಗೋಡೆಗಳು ಕರಗಿದುವು. ಒಕ್ಕಲೆದ್ದವರು ಕೈಯಲ್ಲಿದ್ದ ಗೆರೆಯನ್ನು ಒಯ್ದರು. ಒಟ್ಟಿಗೆ ಬರೆಯುತ್ತಿದ್ದ ನೆರೆಹೊರೆಯನ್ನು ಹಾಗೆಯೇ ಒಯ್ಯಲು ಎಲ್ಲರಿಗೂ ಆಗಲಿಲ್ಲ. ಆಮೇಲೆ ಸಿಮೆಂಟಿನ ಗೋಡೆಗಳು ಬಂದುವು. ಈಗ ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಏರಿದೆ, ಪಟ್ಟಣಗಳಲ್ಲಿ ಮಾರಾಟವಾಗುತ್ತಿದೆ. ಬರೆದವಳಿಗೆ ನಾಲ್ಕು ಕಾಸು ಸಿಕ್ಕುವುದನ್ನು ಆಕ್ಷೇಪಿಸುವುದು ಅನ್ಯಾಯ. ಹೊಟ್ಟೆ ತುಂಬಿದವರ ಆಕ್ಷೇಪವಂತೂ ಇನ್ನೂ ಅನ್ಯಾಯ. ಆದರೆ ಕಾಗದದ ಮುಂದೆ ಕುಳ್ಳಿರುವವಳು ಒಬ್ಬಳೇ. ಮಗ್ಗುಲಿನ ಸೊಟ್ಟ ಎಳೆಗೆ ಹೊಂದಿಕೊಳ್ಳುವ ಕೆಲಸವು ಅಲ್ಲಿಲ್ಲ.

ಆದುದರಿಂದ ಮಠದ ಶಾಲೆಗಳಲ್ಲಾಗಲಿ ಊರಿನ ಜಾತ್ರೆಗಳಲ್ಲಾಗಲಿ ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸಬಯಸುವವರು ಒಬ್ಬೊಬ್ಬರಿಗೆ ಒಂದೊಂದು ಹಾಳೆಯನ್ನು ಹಂಚುವುದಕ್ಕಿಂತ ಎಲ್ಲರಿಗೂ ಸೇರಿ ಒಂದು ಗೋಡೆಯನ್ನು ಬಿಟ್ಟುಕೊಡುವುದು ಲೇಸು. ಕೆಮ್ಮಣ್ಣು ಬಳಿಯುವ ಕೆಲಸವೂ ಮಕ್ಕಳದ್ದೇ ಆಗಲಿ. ಅಕ್ಕಿಹಿಟ್ಟಿನ ಬಟ್ಟಲು ಒಂದೇ ಇರಲಿ. ಬರೆಯಬಲ್ಲ ಅಜ್ಜಿಯೊಬ್ಬಳನ್ನು ಸಂಭಾವನೆ ಕೊಟ್ಟು ಗೌರವದಿಂದ ಕರೆತಂದು, ಮೊದಲನೆಯ ಎಳೆಯನ್ನು ಆಕೆಯಿಂದಲೇ ಎಳೆಯಿಸತಕ್ಕದ್ದು.