ಕ್ಷಯವು ಮನೆಯದೋ, ರಕ್ತದ್ದೋ

ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿ 1921ರಲ್ಲಿ ಬಾಗಿಲು ತೆರೆದ ಕ್ಷಯರೋಗ ಆರೋಗ್ಯಧಾಮವೊಂದಿದೆ. ಅದರ ಹೆಸರು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರದು. ಈಕೆ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಈಕೆಯನ್ನೂ ಈಕೆಯ ಹೆಣ್ಣುಮಕ್ಕಳನ್ನೂ ಒಬ್ಬರ ಹಿಂದೊಬ್ಬರಂತೆ ಕ್ಷಯವು ಕೊಂಡೊಯ್ದಿತು. ಅರಮನೆಯ ಗಾಳಿ ಬೆಳಕುಗಳಿಗಾಗಲಿ ಹಾಲು ತುಪ್ಪಗಳಿಗಾಗಲಿ ಕೊರತೆಯಿಲ್ಲದ ಮನೆತನದಲ್ಲಿ ಹೀಗಾದುದನ್ನು ಕಂಡ ಅಂದಿನ ಜನರು ತಮ್ಮತಮ್ಮಲ್ಲಿ ಏನು ಮಾತನಾಡಿಕೊಂಡಿದ್ದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಹಿರಿಯರು ಹೆಣ್ಣು ನೋಡಲು ಹೊರಟಾಗ ಗೋತ್ರವನ್ನೂ ನಕ್ಷತ್ರವನ್ನೂ ವಿಚಾರಿಸಿ ಮುಗಿಸಿದ ಮೇಲೆ, ಎಲೆಅಡಿಕೆಯ ತಟ್ಟೆಯನ್ನು ಸ್ವಲ್ಪ ಈಚೆಗೆ ಸರಿಸಿ, ದನಿ ತಗ್ಗಿಸಿ, ಮಧ್ಯಸ್ಥರನ್ನು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: “ಆ ಮನೇಲಿ ಕ್ಷಯ ಗಿಯ ಏನಾದ್ರೂ ಇತ್ತೇನು?”

ಈ ಪ್ರಶ್ನೆ ಮೂಢವಾದದ್ದೇ, ವಿವೇಕದ್ದೇ ಎಂಬುದನ್ನು ನಿಶ್ಚಯಿಸಲು ವೈದ್ಯಶಾಸ್ತ್ರಕ್ಕೆ ಒಂದೂವರೆ ಶತಮಾನ ಬೇಕಾಯಿತು. ಒಂದೇ ಮನೆಯವರು ಒಂದೇ ರಕ್ತವನ್ನು ಹಂಚಿಕೊಂಡವರು. ಅವರೇ ಒಂದೇ ಕೋಣೆಯ ಗಾಳಿಯನ್ನೂ ಹಂಚಿಕೊಂಡವರು. ತಾಯಿಯಿಂದ ಮಗಳಿಗೆ ಬಂದದ್ದು ಹುಟ್ಟಿನಿಂದ ಬಂದಿತೋ ಕೆಮ್ಮಿನಿಂದ ಬಂದಿತೋ ಎಂದು ಬೇರ್ಪಡಿಸಿ ಹೇಳುವುದು ಹೇಗೆ? ನಮ್ಮ ಪುರಾಣವೇನೋ ಈ ತೊಡಕಿಗೇ ಸಿಲುಕಲಿಲ್ಲ. ದಕ್ಷನ ಇಪ್ಪತ್ತೇಳು ಕುಮಾರಿಯರನ್ನು ವರಿಸಿ ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದ ಚಂದ್ರನಿಗೆ ರಾಜಯಕ್ಷ್ಮ ತಗುಲಿದುದು ಮಾವನ ಶಾಪದಿಂದ. ಅಲ್ಲಿ ಸೋಂಕೂ ಇಲ್ಲ, ಆನುವಂಶಿಕತೆಯೂ ಇಲ್ಲ, ನಡತೆಯ ದೋಷವೊಂದೇ.

ಯೂರೋಪಿನಲ್ಲಿ ಕ್ಷಯವು ಹುಟ್ಟಿನಿಂದ ಬರುವುದೆಂಬುದು ಉತ್ತರದವರ ಮತ, ಅಂಟಿಕೊಳ್ಳುವುದೆಂಬುದು ದಕ್ಷಿಣದವರದು. 1838ರ ಚಳಿಗಾಲದಲ್ಲಿ ಸಂಗೀತಗಾರ ಶೋಪಾನನು ಲೇಖಕಿ ಜಾರ್ಜ್ ಸ್ಯಾಂಡ್‌ಳೊಡನೆ ಸ್ಪೇನಿಗೆ ಸೇರಿದ ಮಜೋರ್ಕಾ ದ್ವೀಪಕ್ಕೆ ಹೋಗಿ ಒಂದು ಬಾಡಿಗೆ ಮನೆ ಹಿಡಿದನು. ಆತನ ಕೆಮ್ಮಿನ ಸುದ್ದಿ ಹರಡಿದೊಡನೆ ಮನೆಯ ಒಡೆಯನು ಮನೆ ಬಿಡುವಂತೆ ಹೇಳಿದುದಲ್ಲದೆ, ಸುಡಬೇಕಾದ ಹಾಸಿಗೆಯ ಬೆಲೆಯನ್ನೂ ಗೋಡೆಗೆ ಸುಣ್ಣ ಬಳಿಸುವ ಖರ್ಚನ್ನೂ ಕೇಳಿದನು. ಪ್ಯಾರಿಸಿನ ವೈದ್ಯರಲ್ಲಿ ಬಹುಮಂದಿ ಆಗ ಕ್ಷಯವನ್ನು ಹುಟ್ಟಿನೊಡನೆ ಬರುವ ದೇಹಪ್ರಕೃತಿಯೆಂದೇ ನಂಬಿದ್ದರು. ಅವರ ಕಣ್ಣಿಗೆ ಈ ಮನೆಯೊಡೆಯ ಅನಾಗರಿಕನಾಗಿ ಕಂಡಿರಬೇಕು. ಆದರೂ ಸುಣ್ಣದ ವಿಷಯದಲ್ಲಿ ಗೆದ್ದವನು ಅವನೇ. 1865ರಲ್ಲಿ ಫ್ರಾನ್ಸಿನ ವಿಲ್ಮಾಂ ಎಂಬ ಸೇನಾವೈದ್ಯನು ಕ್ಷಯರೋಗಿಯ ದೇಹದಿಂದ ತೆಗೆದ ದ್ರವ್ಯವನ್ನು ಮೊಲಗಳಿಗೆ ಚುಚ್ಚಿ ಅವುಗಳಲ್ಲಿ ಕ್ಷಯವನ್ನು ಹುಟ್ಟಿಸಿದನು. 1882ರ ಮಾರ್ಚ್ 24ರ ಸಂಜೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಆ ರೋಗಾಣುವನ್ನೇ ಸೂಕ್ಷ್ಮದರ್ಶಕದಡಿಯಲ್ಲಿ ತೋರಿಸಿದನು. ಆನುವಂಶಿಕ ವಾದದ ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಮುಗಿಯಲಿಲ್ಲ. 1907ರಲ್ಲಿ ವಿಯೆನ್ನಾದ ಫಾನ್ ಪಿರ್ಕೆಯು ಚರ್ಮವನ್ನು ಗೀರಿ ಟ್ಯೂಬರ್ಕುಲಿನ್ ಎಂಬ ಕ್ಷಯಾಣುವಿನ ಸಾರವನ್ನು ಸವರಿ ನೋಡುವ ಪರೀಕ್ಷೆಯನ್ನು ಕಂಡುಹಿಡಿದ ಮೇಲೆ, ಯೂರೋಪಿನ ದೊಡ್ಡ ನಗರಗಳ ಮಕ್ಕಳಲ್ಲಿ ಹೆಚ್ಚಿನವರ ಮೈಯನ್ನು ರೋಗಾಣು ಆಗಲೇ ಹೊಕ್ಕಿದೆಯೆಂಬ ಸಂಗತಿ ಹೊರಬಿದ್ದಿತು. ಹಾಗೆ ಹೊಕ್ಕಿಸಿಕೊಂಡವರಲ್ಲಿ ಬಹುಪಾಲು ಮಕ್ಕಳು ಬೀದಿಯಲ್ಲಿ ಆಡಿಕೊಂಡು ಸುಖವಾಗಿಯೇ ಇದ್ದರು. ಬಿತ್ತು ಎಲ್ಲ ಹೊಲಗಳಲ್ಲಿಯೂ ಬಿದ್ದಿದ್ದರೂ ಮೊಳೆತದ್ದು ಕೆಲವೇ ಹೊಲಗಳಲ್ಲಿ ಎಂದಮೇಲೆ, ನೆಲದ ವಿಚಾರವನ್ನು ಕೇಳದೆ ಗತ್ಯಂತರವಿರಲಿಲ್ಲ.

ಆ ವಿಚಾರಕ್ಕೆ ಅತ್ಯಂತ ಘೋರವಾದ ಸಾಕ್ಷ್ಯವನ್ನು ಒದಗಿಸಿದುದು, ಯಾವ ವಿಜ್ಞಾನಿಯೂ ಬಯಸಿ ಮಾಡಲಾರದಂಥ ಒಂದು ಪ್ರಮಾದ. ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1929ರ ಡಿಸೆಂಬರಿನಿಂದ ಕೆಲವು ತಿಂಗಳ ಕಾಲ ನವಜಾತ ಶಿಶುಗಳಿಗೆ ಕ್ಷಯವನ್ನು ತಡೆಯುವ ಬಿ.ಸಿ.ಜಿ. ಲಸಿಕೆಯನ್ನು ಬಾಯಿಯ ಮೂಲಕ ಕೊಡಲಾಯಿತು. ಪ್ಯಾರಿಸಿನಿಂದ ಬಂದ ತಳಿಯೇನೋ ನಿರಪಾಯವಾದದ್ದೇ. ಆದರೆ ಅದನ್ನು ಬೆಳೆಸಿ ಲಸಿಕೆ ತಯಾರಿಸಿದ ಸ್ಥಳೀಯ ಪ್ರಯೋಗಶಾಲೆಯಲ್ಲಿ ಮನುಷ್ಯರನ್ನು ಕೊಲ್ಲುವ ಜೀವಂತ ಕ್ಷಯಾಣು ಅದರೊಡನೆ ಬೆರೆತುಹೋಗಿತ್ತು. ಹುಟ್ಟಿ ಹತ್ತು ದಿನ ತುಂಬುವುದರೊಳಗೆ, ರಕ್ಷೆಯೆಂದು ನಂಬಿ ತಾಯಂದಿರು ಒಪ್ಪಿ ಕೊಡಿಸಿದ ಆ ದ್ರವವನ್ನು ಕುಡಿದ ಮಕ್ಕಳು 251. ಅವರಲ್ಲಿ 72 ಮಂದಿ ಕ್ಷಯದಿಂದ ಸತ್ತರು. ಇನ್ನು 173 ಮಂದಿಯಲ್ಲಿ ರೋಗದ ಲಕ್ಷಣಗಳು ಕಾಣಿಸಿಕೊಂಡವು, ಆದರೆ ಅವರು, ಕ್ಷಯಕ್ಕೆ ಔಷಧವೆಂಬುದೇ ಇಲ್ಲದಿದ್ದ ಆ ದಿನಗಳಲ್ಲಿ, ತಾವಾಗಿಯೇ ಚೇತರಿಸಿಕೊಂಡರು. ಉಳಿದ ಬೆರಳೆಣಿಕೆಯಷ್ಟು ಮಕ್ಕಳಿಗೆ ಏನೂ ಆಗಲಿಲ್ಲ. ವೈದ್ಯರ ಮೇಲೆ ಮೊಕದ್ದಮೆ ನಡೆದು 1932ರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು.

ಈ ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಎಲ್ಲ ಸೀಸೆಗಳಲ್ಲಿಯೂ ವಿಷ ಒಂದೇ ಪ್ರಮಾಣದಲ್ಲಿ ಇರಲಿಲ್ಲ; ಆದುದರಿಂದ ಸತ್ತವರಿಗೂ ಉಳಿದವರಿಗೂ ನಡುವಣ ಅಂತರವನ್ನೆಲ್ಲ ರಕ್ತದ ಲೆಕ್ಕಕ್ಕೆ ಬರೆಯಲಾಗದು. ಆದಾಗ್ಯೂ, ಹಸುಳೆಗಳ ಹೊಟ್ಟೆಯೊಳಕ್ಕೇ ನೇರವಾಗಿ ಇಳಿದ ಮೃತ್ಯುವನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಕ್ಕಳು ಜೀರ್ಣಿಸಿಕೊಂಡರೆಂಬುದು ರೋಗಾಣುವಿನ ಸರ್ವಶಕ್ತಿಯಲ್ಲಿ ನಂಬಿಕೆಯಿಟ್ಟವರ ಬಾಯಿ ಕಟ್ಟಿಸುವಂಥ ಸಂಗತಿಯಾಗಿತ್ತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಹೊಂದುವ ಒಂದು ಲೆಕ್ಕವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಮತ್ತೆ ಮತ್ತೆ ಹೋಗಿ, ಕಫದಲ್ಲಿ ರೋಗಾಣು ಕಂಡವರ ಗತಿ ಏನಾಯಿತೆಂದು ಗುರುತಿಟ್ಟುಕೊಂಡರು. ಚಿಕಿತ್ಸೆಯು ಹಳ್ಳಿಗಳನ್ನು ಇನ್ನೂ ಸರಿಯಾಗಿ ಮುಟ್ಟದಿದ್ದ ಕಾಲ ಅದು. ಐದು ವರ್ಷ ಕಳೆಯುವುದರೊಳಗೆ ಅವರಲ್ಲಿ ಶೇಕಡಾ 49 ಮಂದಿ ತೀರಿಕೊಂಡಿದ್ದರು. ಶೇಕಡಾ 18 ಮಂದಿ ರೋಗಾಣುವನ್ನು ಹೊತ್ತುಕೊಂಡೇ ಬದುಕಿದ್ದರು. ಶೇಕಡಾ 33 ಮಂದಿಯ ಕಫ ಶುದ್ಧವಾಗಿತ್ತು. ಅದೇ ಮುದ್ದೆ, ಅದೇ ಸೊಪ್ಪಿನ ಸಾರು, ಅದೇ ಹೊಗೆಗಟ್ಟಿದ ಅಡಿಗೆಮನೆ. ಆದರೂ ಒಬ್ಬನು ಚಟ್ಟವೇರಿದನು, ಇನ್ನೊಬ್ಬನು ಮತ್ತೆ ನೇಗಿಲು ಹಿಡಿದನು.

ನೆಲದ ಗುಣವನ್ನು ಅಳೆಯಲು ಅವಳಿಗಳನ್ನು ಹುಡುಕಿದವರ ಚರಿತ್ರೆ ಸ್ವಲ್ಪ ಮಸಿ ಬಳಿದದ್ದು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕ್ಷಯ ಬಂದರೆ ಇನ್ನೊಬ್ಬರಿಗೂ ಬರುವ ಸಂಭವವು, ಸಾಧಾರಣ ಅವಳಿಗಳಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು 1930ರ ದಶಕದಲ್ಲಿ ಜರ್ಮನಿಯ ಡೀಲ್ ಮತ್ತು ಫರ್ಶೂರ್ ತೋರಿಸಿದರು. ಈ ಫರ್ಶೂರನೇ ಮುಂದೆ, ಆಶ್ವಿಟ್ಜ್‌ನಲ್ಲಿ ಅವಳಿ ಮಕ್ಕಳ ಮೇಲೆ ಪೈಶಾಚಿಕ ಪ್ರಯೋಗ ನಡೆಸಿದ ಮೆಂಗೆಲೆಯ ಗುರು. ರೋಗಕ್ಕೆ ಬೇಗ ಒಳಗಾಗುವವರು ಹೀನತಳಿಯವರು ಎಂಬ ತೀರ್ಮಾನಕ್ಕೆ ಅಂಥವರು ಒಂದೇ ಹೆಜ್ಜೆಯಲ್ಲಿ ಹಾರಿಬಿಟ್ಟರು. ಯುದ್ಧಾನಂತರ ಇಡೀ ವಿಷಯದ ಬಗ್ಗೆಯೇ ಸಭ್ಯರಾದ ವಿದ್ವಾಂಸರು ಮುಖ ತಿರುಗಿಸಿದುದರಲ್ಲಿ ಆಶ್ಚರ್ಯವಿಲ್ಲ. 1978ರಲ್ಲಿ ಅಮೆರಿಕದ ಕಾಮ್‌ಸ್ಟಾಕ್ ಎಂಬವರು ಇಂಗ್ಲೆಂಡಿನ ಹಳೆಯ ಅವಳಿ ದಾಖಲೆಗಳನ್ನು ಹೊಸದಾಗಿ ಜಾಲಾಡಿ, ತದ್ರೂಪಿಗಳಲ್ಲಿ ಆ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬ ಸಮಚಿತ್ತದ ಲೆಕ್ಕವನ್ನು ಕೊಟ್ಟರು. ಅಷ್ಟರಲ್ಲಿ ಫಿಲಡೆಲ್ಫಿಯಾದಲ್ಲಿ ಮ್ಯಾಕ್ಸ್ ಲೂರಿಯವರು ಮೊಲಗಳನ್ನು ತಲೆಮಾರುಗಟ್ಟಲೆ ಒಳಸಂಬಂಧದಿಂದ ಬೆಳೆಸಿ, ಕ್ಷಯಕ್ಕೆ ಬಗ್ಗದ ಕುಲವೊಂದನ್ನೂ ಉಸುರೆಂದರೆ ಉರುಳುವ ಕುಲವೊಂದನ್ನೂ ಬೇರ್ಪಡಿಸಿಯಾಗಿತ್ತು. ಜೆ.ಬಿ.ಎಸ್. ಹಾಲ್ಡೇನರು 1949ರಲ್ಲಿಯೇ, ಮನುಷ್ಯನನ್ನು ತಿದ್ದಿತೀಡಿದ ಶಕ್ತಿಗಳಲ್ಲಿ ಸೋಂಕುರೋಗವೇ ಪ್ರಬಲವಾದದ್ದೆಂದು ವಾದಿಸಿದ್ದರು. ಐದು ವರ್ಷಗಳ ಮೇಲೆ ಆಂಥೊನಿ ಆಲಿಸನ್, ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುವ ಜೀನಿನ ದೋಷವನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಮಲೇರಿಯಾದಿಂದ ರಕ್ಷಣೆಯುಂಟೆಂದು ಆಫ್ರಿಕದಲ್ಲಿ ತೋರಿಸಿಕೊಟ್ಟರು.

ಮನೆಯನ್ನೂ ರಕ್ತವನ್ನೂ ಕತ್ತರಿಸಿ ಎರಡಾಗಿಟ್ಟ ಕೀರ್ತಿ ಡೆನ್ಮಾರ್ಕಿನ ದತ್ತಕದ ದಫ್ತರಗಳದು. ಎಳೆಯ ವಯಸ್ಸಿನಲ್ಲಿಯೇ ಬೇರೆಯವರ ಮನೆ ಸೇರಿದ 960 ಮಂದಿಯ ಆಯುಷ್ಯವನ್ನು, ಹೆತ್ತವರ ಮತ್ತು ಸಾಕಿದವರ ಆಯುಷ್ಯದೊಡನೆ ಹೋಲಿಸಿ, 1988ರಲ್ಲಿ ಸೊರೆನ್ಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ನಿರೀಕ್ಷೆಗೆ ತಲೆಕೆಳಗಾಗಿತ್ತು. ಹೆತ್ತ ತಂದೆಯೋ ತಾಯಿಯೋ 50 ವರ್ಷದೊಳಗೆ ಸೋಂಕುರೋಗದಿಂದ ಸತ್ತಿದ್ದರೆ, ಅವರ ಮುಖವನ್ನೇ ಕಾಣದೆ ಬೆಳೆದ ಮಗುವೂ ಸೋಂಕಿನಿಂದ ಸಾಯುವ ಸಂಭವ ಐದು ಪಟ್ಟಿಗಿಂತ ಹೆಚ್ಚು; ಸಾಕಿದವರು ಸೋಂಕಿನಿಂದ ಸತ್ತದ್ದರ ಪರಿಣಾಮವಾದರೋ ಕಾಣಲೇ ಇಲ್ಲ. ಕ್ಯಾನ್ಸರಿನಲ್ಲಿ ಇದಕ್ಕೆ ವ್ಯತಿರಿಕ್ತ: ಅಲ್ಲಿ ಲೆಕ್ಕಕ್ಕೆ ಬಂದವರು ಸಾಕಿದವರೇ. ರಕ್ತದ್ದೆಂದು ನಾವು ಅಂಜುವ ರೋಗ ಮನೆಯದಾಗಿ, ಮನೆಯದೆಂದು ತಿಳಿದದ್ದು ರಕ್ತದ್ದಾಗಿ ತೋರಿತು.

ರಕ್ತದೊಳಗೆ ಏನು ಎಂಬುದಕ್ಕೆ ಉತ್ತರ 1996ರಲ್ಲಿ ಬಂದಿತು. ಮಾಲ್ಟಾ ದ್ವೀಪದ ಒಂದೇ ಹಳ್ಳಿಯ ನಾಲ್ಕು ಮಕ್ಕಳು, ಮಣ್ಣು ನೀರುಗಳಲ್ಲಿ ಎಲ್ಲೆಡೆಯೂ ಇದ್ದು ಸಾಮಾನ್ಯವಾಗಿ ಯಾರಿಗೂ ಕೇಡು ಮಾಡದ, ಕ್ಷಯಾಣುವಿನ ಬಡದಾಯಾದಿಗಳಿಂದ ಮೈಯೆಲ್ಲ ವ್ಯಾಪಿಸುವ ರೋಗಕ್ಕೆ ತುತ್ತಾಗಿದ್ದರು. ಟುನೀಸಿಯದ ಒಂದು ಮಗು ಶುದ್ಧವಾದ ಬಿ.ಸಿ.ಜಿ.ಯಿಂದಲೇ ಸತ್ತಿತ್ತು. ಎರಡು ಕಡೆಯೂ ಸಿಕ್ಕಿದುದು ಒಂದೇ ಜೀನಿನ ಕೊರತೆ. ನಮ್ಮ ಭಕ್ಷಕ ಕಣಗಳು ರೋಗಾಣುವನ್ನು ನುಂಗುತ್ತವೆ, ಆದರೆ ನುಂಗಿದ್ದನ್ನು ಅರಗಿಸಲು ಅವುಗಳಿಗೆ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶ ತಲುಪಬೇಕು. ಈ ಮಕ್ಕಳಲ್ಲಿ ಓಲೆಗಾರನು ಬರುತ್ತಿದ್ದನು. ಓಲೆಯನ್ನು ತೆಗೆದುಕೊಳ್ಳುವ ಬಾಗಿಲೇ ಇರಲಿಲ್ಲ. ಮುಂದೆ ಪ್ಯಾರಿಸಿನ ಕಸನೋವಾ ಮತ್ತು ಅಬೆಲ್ ಮೊದಲಾದವರು ಇದೇ ದಾರಿಯಲ್ಲಿ ಇನ್ನೂ ಹಲವು ಜೀನುಗಳನ್ನು ಹೆಕ್ಕಿ ತೆಗೆದರು. 2018ರಲ್ಲಿ ಹೆಸರಾದ ಟಿ.ವೈ.ಕೆ.-2 ಎಂಬುದರ ಒಂದು ರೂಪ, ತಂದೆತಾಯಿಗಳಿಬ್ಬರಿಂದಲೂ ಬಂದಾಗ, ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ. ಯೂರೋಪ್ ಮೂಲದವರಲ್ಲಿ ಸುಮಾರು 600ರಲ್ಲಿ ಒಬ್ಬರ ಸ್ಥಿತಿ ಹೀಗಿದೆ. ಹಳೆಯ ಮೂಳೆಗಳ ಡಿ.ಎನ್.ಎ.ಯನ್ನು ಓದಿದವರು, ಕಳೆದ ಸುಮಾರು 2000 ವರ್ಷಗಳಲ್ಲಿ ಆ ರೂಪವು ಅಲ್ಲಿ ತೀವ್ರವಾಗಿ ವಿರಳವಾಗುತ್ತ ಬಂದುದನ್ನು ಕಂಡಿದ್ದಾರೆ. ಕ್ಷಯವು ಅಷ್ಟು ಮನೆಗಳ ದೀಪವನ್ನು ಆರಿಸಿತೆಂದು ಇದರ ಅರ್ಥ.

ಹಾಗೆಂದು ಕೆಮ್ಮುವವರನ್ನೆಲ್ಲ ಜಾತಕ ಕೇಳಬೇಕಾಗಿಲ್ಲ. ಹಸಿವು, ಸಕ್ಕರೆ ಕಾಯಿಲೆ, ಎಚ್.ಐ.ವಿ., ಗಾಳಿಯಾಡದ ಕೋಣೆ ಇವು ಕೆಡಿಸುವ ನೆಲಕ್ಕೆ ಹೋಲಿಸಿದರೆ ಒಂದೊಂದು ಜೀನು ಕೆಡಿಸುವುದು ಅಲ್ಪವೇ. ಆದರೆ ಬಿ.ಸಿ.ಜಿ. ಹಾಕಿಸಿದ ತೋಳಿನ ಕಂಕುಳಲ್ಲಿ ಗಂಟು ಕಟ್ಟಿ, ಜ್ವರ ಬಿಡದೆ, ಮೈ ಇಳಿಯುತ್ತಿರುವ ಕೂಸೊಂದನ್ನು ತಾಯಿ ಎತ್ತಿಕೊಂಡು ಬಂದಾಗ, ಬಲ್ಲ ವೈದ್ಯರು ಇಂದು ಎರಡು ಮಾತು ಕೇಳುತ್ತಾರೆ: “ಸಂಬಂಧದಲ್ಲೇ ಮದುವೆಯೇನಮ್ಮಾ? ಇದಕ್ಕೆ ಮೊದಲು ಯಾವುದಾದರೂ ಮಗು ಹೋಗಿತ್ತೇ?” ಗಂಡ ಸೋದರಮಾವನೆಂದೋ ಅತ್ತೆಯ ಮಗನೆಂದೋ ಆಕೆ ಹೇಳಿದರೆ ಅವರು ಅದನ್ನು ಗುರುತು ಹಾಕಿಕೊಂಡು, ರಕ್ತವನ್ನು ಜೀನು ಪರೀಕ್ಷೆಗೆ ಕಳುಹಿಸುತ್ತಾರೆ. ಓಲೆ ಬರೆಯುವುದಕ್ಕೆ ಮೊದಲಿನ ಹಂತದಲ್ಲಿ ಕೊರತೆಯಿದ್ದರೆ ಇಂಟರ್‌ಫೆರಾನನ್ನು ಸೂಜಿಮದ್ದಾಗಿ ಹೊರಗಿನಿಂದ ಕೊಡಬಹುದು. ಬಾಗಿಲೇ ಇಲ್ಲದಿದ್ದರೆ ಅದು ವ್ಯರ್ಥ, ಆಗ ಅಸ್ಥಿಮಜ್ಜೆಯ ಕಸಿಯೊಂದೇ ದಾರಿ. ಅದಕ್ಕೆ ಹೊಂದುವ ಮಜ್ಜೆಗಾಗಿ ಮೊದಲು ಹುಡುಕುವುದು ಅದೇ ಮನೆಯ ಅಣ್ಣತಮ್ಮ ಅಕ್ಕತಂಗಿಯರಲ್ಲಿ.